ಹದಿನೇಳನೇ ಹೆಸರು

ನಿವೃತ್ತನಾದ ಮೇಲೆ ನನಗೆ ಬರುವ ಫೋನುಗಳಲ್ಲಿ ಅರ್ಧ ಒಂದೇ ನಮೂನೆಯವು. ಹೊಸದಾಗಿ ಕೆಲಸಕ್ಕೆ ಸೇರಿದ ಯಾರೋ ಅಧ್ಯಾಪಕರು, ‘ಸರ್, ಆನ್‌ಲೈನ್ ಪಾಠದ ಮ್ಯಾಲೆ ಸಂಶೋಧನೆ ಮಾಡಬೇಕಂತೀನಿ, ಎಲ್ಲಿಂದ ಶುರು ಮಾಡ್ಲಿ?’ ಅನ್ನುತ್ತಾರೆ. ‘ಮೊದಲು ನಿಮ್ಮ ಹುಡುಗರ ಊರಿಗೆ ಒಂದ್ಸಲ ಹೋಗಿ ಬರ್ರಿ’ ಅಂದರೆ ಅವರಿಗೆ ರುಚಿಸುವುದಿಲ್ಲ. ‘ಅಲ್ರೀ ಸರ್, ಆನ್‌ಲೈನ್ ಅಂದಮ್ಯಾಲೆ ಊರಿಗೆ ಯಾಕ ಹೋಗ್ಬೇಕು?’ ಅಂತ ನನ್ನನ್ನೇ ತಿರುಗಿ ಕೇಳುತ್ತಾರೆ. ಇದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಹೇಳಿ ನನಗೂ ಸಾಕಾಗಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ರಾಯಚೂರಿನಲ್ಲಿ ಶಿಕ್ಷಣಶಾಸ್ತ್ರದ ಮೇಷ್ಟ್ರಾಗಿದ್ದವನು. ಯಾವಾಗ ಸೇರಿದೆ, ಯಾವಾಗ ಯಾವ ಕುರ್ಚಿಗೆ ಏರಿದೆ ಎಂಬುದನ್ನೆಲ್ಲ ಬೀಳ್ಕೊಡುಗೆಯ ದಿನ ಓದಿಬಿಟ್ಟಿದ್ದಾರೆ. ಕೇಳುತ್ತ ಕೂತಿದ್ದ ನನಗೇ ಆಕಳಿಕೆ ಬಂದಿತ್ತು. ಇಲ್ಲಿ ಬರೆಯುವುದು ನೌಕರಿಯ ಕೊನೆಯ ಕೆಲವು ವರ್ಷಗಳ ಮಾತು. ಹಳ್ಳಿಯಲ್ಲಿದ್ದೇ ಶಿಕ್ಷಕರ ತರಬೇತಿ ಓದುವವರಿಗಾಗಿ ನಾವು ಆನ್‌ಲೈನ್ ಕ್ಲಾಸು ನಡೆಸುತ್ತಿದ್ದೆವು. ಪಾಠ ಹೇಳುವುದು ಒಂದು ಕೆಲಸ, ಆ ಪಾಠವನ್ನು ಹೇಗೆ ಕಟ್ಟಿದರೆ ಹುಡುಗರಿಗೆ ಹತ್ತುತ್ತದೆ ಎಂದು ಅಳೆದು ನೋಡುವುದು ಇನ್ನೊಂದು ಕೆಲಸ. ಎರಡನೆಯದಕ್ಕೇ ಪಾಠ ವಿನ್ಯಾಸ ಅಂತ ದೊಡ್ಡ ಹೆಸರು.

ನಮಗೊಂದು ಸ್ಟುಡಿಯೋ ಕೊಟ್ಟಿದ್ದರು. ಹೆಸರಿಗೆ ಸ್ಟುಡಿಯೋ, ಖರೇ ಹೇಳಬೇಕೆಂದರೆ ಹಳೆಯ ಉತ್ತರಪತ್ರಿಕೆ ಇಡುತ್ತಿದ್ದ ಕೋಣೆ. ದನಿ ಗೋಡೆಗೆ ಬಡಿದು ಗುಂಯ್‌ ಅನ್ನಬಾರದೆಂದು ನಾಲ್ಕೂ ಕಡೆ ಹಳೇ ಬಟ್ಟೆ ಹೊಲಿದ ಕೌದಿ ತೂಗುಹಾಕಿದ್ದೆವು. ಫ್ಯಾನ್ ಹಚ್ಚುವ ಹಾಗಿಲ್ಲ, ಅದರ ಕಟಕಟ ಮೈಕಿಗೆ ಹೋಗುತ್ತದೆ. ನಮ್ಮ ಊರಿನ ಬೇಸಿಗೆಯಲ್ಲಿ ಫ್ಯಾನ್ ಇಲ್ಲದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಂದು ತಾಸು ಮಾತಾಡಿ ನೋಡ್ರಿ, ಆಮೇಲೆ ನನ್ನ ಸಿಟ್ಟಿನ ಬಗ್ಗೆ ಮಾತಾಡಿ. ಹೆಗಲಿಗೆ ಹಸಿ ಟವೆಲ್ ಹಾಕಿಕೊಂಡೇ ಪಾಠ ಮಾಡುತ್ತಿದ್ದೆ.

ಸೆಕೆಗಿಂತ ಕಷ್ಟವಾದದ್ದು ಆ ಸುಮ್ಮನಿರುವಿಕೆ. ಕ್ಲಾಸಿನಲ್ಲಾದರೆ ಹುಡುಗರು ಕೆಮ್ಮುತ್ತಾರೆ, ಬೆಂಚು ಎಳೆಯುತ್ತಾರೆ, ಕಿಸಕ್ಕೆಂದು ನಗುತ್ತಾರೆ. ಇಲ್ಲಿ ಪರದೆಯ ಮೇಲೆ ನಲವತ್ತೊಂದು ಕಪ್ಪು ಚೌಕ, ಒಂದೊಂದರ ಕೆಳಗೆ ಒಂದೊಂದು ಹೆಸರು. ಅಷ್ಟೇ. ಒಮ್ಮೊಮ್ಮೆ ಪಾಠದ ನಡುವೆ ನಿಲ್ಲಿಸಿದರೆ ಆ ಕಡೆ ಯಾರೋ ಉಸಿರಾಡುವುದು ಕೇಳಿಸುತ್ತಿತ್ತು. ಯಾರದೋ ಮೈಕ್ ತೆರೆದಿದೆ ಎಂದು ಗೊತ್ತು. ಆದರೂ ‘ಯಾರ್ರೀ ಅದು?’ ಅಂತ ಕೇಳಿದ ಕೂಡಲೇ ಉಸಿರು ನಿಂತುಬಿಡುತ್ತಿತ್ತು ನೋಡ್ರಿ, ಆಗ ಬೆವರಿದ ಮೈಯಲ್ಲೂ ಮುಳ್ಳೇಳುತ್ತಿತ್ತು.

ನಮ್ಮ ನಿರ್ದೇಶಕರಿಗೆ ಇಂಥ ಭಯ ಯಾವುದೂ ಇರಲಿಲ್ಲ. ಅವರಿಗೆ ಅಳತೆಯೊಂದಿದ್ದರೆ ಊಟ ಬೇಡ. ಯಾರು ಎಷ್ಟು ಹೊತ್ತಿಗೆ ಬಂದರು, ಎಲ್ಲಿ ಪಾಠ ನಿಲ್ಲಿಸಿದರು, ಎಲ್ಲಿ ಹಿಂದೆ ಹೋಗಿ ಮತ್ತೆ ಕೇಳಿದರು, ಎಲ್ಲವೂ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ಒಂದು ಸಲ ನನ್ನದೊಂದು ರೆಕಾರ್ಡ್ ಮಾಡಿದ ಪಾಠವನ್ನು ಮಟಮಾರಿಯ ಒಬ್ಬ ವಿದ್ಯಾರ್ಥಿ ದಿನಾ ಮಧ್ಯಾಹ್ನ ತಪ್ಪದೆ ಪೂರ್ತಿ ಕೇಳುತ್ತಾನೆ ಎಂದು ಕಂಡುಬಂತು. ನಿರ್ದೇಶಕರು ಕುಣಿದಾಡಿದರು. ‘ಇದು ಆದರ್ಶ ಪಾಠ ನೋಡ್ರಿ, ಇದರ ಮ್ಯಾಲೆ ಪ್ರಬಂಧ ಬರೀರಿ’ ಅಂದರು. ನಾನೂ ಕಾಲರ್ ಏರಿಸಿಕೊಂಡೇ ಮಟಮಾರಿಗೆ ಹೋದೆ. ಆ ಹುಡುಗ ನಾಚಿಕೊಂಡು, ‘ಸರ್, ನಿಮ್ಮ ದನಿ ಕಿವ್ಯಾಗ ಬಿದ್ರ ನಮ್ಮ ಮುತ್ಯಾಗ ಛಲೋ ನಿದ್ದಿ ಹತ್ತತದ್ರಿ, ಊಟ ಆದಮ್ಯಾಲೆ ದಿನಾ ಹಚ್ಚಿಕೊಡ್ತೀನಿ’ ಅಂದ. ಅವನ ಅಜ್ಜ, ಆ ಮುತ್ಯಾ, ಪಡಸಾಲೆಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದ. ಪಕ್ಕದಲ್ಲಿ ಫೋನಿನೊಳಗೆ ನಾನು ಒಬ್ಬನೇ ಪಾಠ ಹೇಳುತ್ತಿದ್ದೆ. ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ.

ನಿರ್ದೇಶಕರಿಗೂ ನನಗೂ ನಡೆದ ದೊಡ್ಡ ಜಟಾಪಟಿ ಹಾಜರಿಯದು. ನಾನು ಪ್ರತಿ ದಿನ ಕ್ಲಾಸು ಶುರುವಾಗುವ ಮುಂಚೆ ಒಂದೊಂದೇ ಹೆಸರು ಕೂಗಿ ಹಾಜರಿ ಹಿಡಿಯುತ್ತಿದ್ದೆ. ಅವರು, ‘ಏನ್ರೀ ಇದು ಪ್ರೈಮರಿ ಸಾಲಿ ಮಾಡೀರಿ? ಹಾಜರಿ ಕಂಪ್ಯೂಟರ್ ತಾನೇ ಹಿಡೀತದ. ದಿನಾ ನಾಲ್ಕು ನಿಮಿಷ ಹಾಳು’ ಅನ್ನುತ್ತಿದ್ದರು. ‘ಕಂಪ್ಯೂಟರ್ ಹಿಡಿಯೋದು ಫೋನಿನ ಹಾಜರಿ ಸಾಹೇಬ್ರ. ನಾ ಹಿಡಿಯೋದು ಮನಶ್ಯಾರ ಹಾಜರಿ’ ಅಂತ ನಾನು. ಮಾತಿಗೆ ಮಾತು ಬೆಳೆದು ಕೊನೆಗೆ ಅದನ್ನೇ ಸಂಶೋಧನೆ ಮಾಡೋಣ ಎಂದಾಯಿತು. ಎರಡು ಕ್ಲಾಸು. ನನ್ನದರಲ್ಲಿ ಹೆಸರು ಕರೆಯುವುದು, ಇನ್ನೊಂದರಲ್ಲಿ ಕರೆಯದೆ ನೇರ ಪಾಠಕ್ಕೆ ಇಳಿಯುವುದು. ಯಾವುದರಲ್ಲಿ ಹುಡುಗರು ಹೆಚ್ಚು ಲಕ್ಷ್ಯ ಕೊಡುತ್ತಾರೆ ಎಂದು ನೋಡುವುದು. ರೆಕಾರ್ಡಿಂಗುಗಳನ್ನು ಕೂತು ಕೇಳಿ, ಯಾರು ಯಾವಾಗ ಏನು ಮಾತಾಡಿದರು ಎಂದು ಗುರುತು ಹಾಕುವ ಕೆಲಸ ನನ್ನ ಸಹೋದ್ಯೋಗಿ ಶಶಿಕಲಾ ಮೇಡಂ ಅವರದು. ಅವರು ಮಾತಾಡುವುದು ಕಮ್ಮಿ. ಕಿವಿ ಮಾತ್ರ ಬಲು ಚುರುಕು.

ಮೊದಲ ದಿನವೇ ನಾನು ಹುಡುಗರಿಗೆ ಗದರಿಸಿ ಹೇಳಿದ್ದೆ: ‘ಮುಂಜಾನಿ ಎಂಟಕ್ಕೆ ಹಾಜರಿ. ಕರದಾಗ ಬಾಯಿ ಬಿಟ್ಟು ಓ ಅನ್ನಬೇಕು. ಮೂರು ದಿನ ಬೆನ್ನಬೆನ್ನಿಗೆ ಓ ಅನ್ನಲಿಲ್ಲಂದ್ರ ಹೆಸರು ಪಟ್ಟಿಯಿಂದ ತಗದು ಒಗೀತೀನಿ, ಆಮ್ಯಾಲೆ ನನ್ನ ಕಾಲಿಗೆ ಬೀಳಬ್ಯಾಡ್ರಿ.’ ಒಗೆಯುವ ಅಧಿಕಾರ ನನಗೇನೂ ಇರಲಿಲ್ಲ. ಹುಡುಗರು ಹೆದರಲಿ ಎಂದು ಅಂದದ್ದು.

ಹೆಸರುಗಳು ಅಕ್ಷರದ ಕ್ರಮದಲ್ಲಿದ್ದವು. ಹದಿನಾರು ಫಕೀರಪ್ಪ. ಹದಿನೇಳು ಬಸಲಿಂಗಮ್ಮ, ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಊರಿನ ಕಡೆಯವಳು, ಕುರಿ ಸಾಕುವವರ ಮನೆಯ ಹುಡುಗಿ. ಹದಿನೆಂಟು ಮಹೆಬೂಬ್, ಮಾನ್ವಿಯವನು. ನಾನು ಇವರ್ಯಾರ ಮುಖವನ್ನೂ ನೋಡಿರಲಿಲ್ಲ. ದನಿ ಮಾತ್ರ ಗೊತ್ತು. ಬಸಲಿಂಗಮ್ಮನದು ಸಣ್ಣ ದನಿ, ಹಿಂದೆ ಯಾವಾಗಲೂ ಕುರಿಗಳ ಗದ್ದಲ. ‘ಏನವ್ವ, ಹಟ್ಟ್ಯಾಗ ಕುಂತು ಓದ್ತೀಯೇನು?’ ಅಂತ ಒಮ್ಮೆ ಕಾಡಿಸಿದ್ದೆ. ‘ಇಲ್ಲೇ ನೆಟ್‌ವರ್ಕ್ ಬರ್ತದ್ರಿ ಸರ್’ ಅಂದಿದ್ದಳು, ನಗುತ್ತಾ.

ಎರಡು ತಿಂಗಳು ಹೀಗೆ ನಡೆಯಿತು. ನಡುವೆ ಎರಡು ದಿನ ಹದಿನೇಳನೇ ಹೆಸರಿಗೆ ಉತ್ತರ ಬರಲಿಲ್ಲ. ಚೌಕವಂತೂ ಪರದೆಯ ಮೇಲೆ ಇತ್ತು. ‘ಬಸಲಿಂಗಮ್ಮ... ಬಸಲಿಂಗಮ್ಮ... ಎಲ್ಲಿ ಹೋದೆವ್ವ?’ ಅಂದು, ಗೈರು ಹಾಕಿ ಮುಂದಕ್ಕೆ ಹೋದೆ. ಮೂರನೇ ದಿನ ಕರೆದ ಕೂಡಲೇ ‘ಹಾಜರ್ ಸರ್’ ಅಂತ ಬಂತು. ಹಿಂದೆ ಕುರಿಮರಿಯೊಂದು ಬ್ಯಾ ಅಂದಿತು. ಒಗೆಯುತ್ತಾನೆಂದು ಹೆದರಿ ಬಂದಳು ಹುಡುಗಿ ಎಂದು ಮನಸ್ಸಿನಲ್ಲೇ ನಕ್ಕೆ.

ಅಲ್ಲಿಂದ ಮುಂದೆ ನನ್ನ ಕ್ಲಾಸಿನಲ್ಲಿ ಒಂದು ಬದಲಾವಣೆ ಕಂಡಿತು. ಎಂಟೂವರೆಗೆ ಕಣ್ಣುಜ್ಜಿಕೊಂಡು ಬರುತ್ತಿದ್ದವರೆಲ್ಲ ಎಂಟಕ್ಕೆ ಐದು ನಿಮಿಷ ಮುಂಚೆಯೇ ಬರತೊಡಗಿದರು. ವಾರ ಕಳೆಯುವುದರೊಳಗೆ ನಲವತ್ತೊಂದು ಚೌಕವೂ ನಾನು ಬರುವ ಮೊದಲೇ ತುಂಬಿರುತ್ತಿದ್ದವು. ಒಂದು ಮೈಕೂ ಗೊರ್ ಅನ್ನುತ್ತಿರಲಿಲ್ಲ. ಹೆಸರು ಕರೆಯುವಾಗ ಅಂಥ ಲಕ್ಷ್ಯವನ್ನು ನನ್ನ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ. ನಾನು ಓಡಿ ಹೋಗಿ ನಿರ್ದೇಶಕರ ಮೇಜಿನ ಮೇಲೆ ಅಂಕಿಗಳನ್ನಿಟ್ಟೆ. ‘ನೋಡ್ರಿ ಸಾಹೇಬ್ರ, ಹೆಸರು ಹಿಡಿದು ಕರದ್ರ ಮನಶ್ಯಾ ಹೆಂಗ ಬರ್ತಾನ!’ ಅವರು ಬಾಯಿ ಮುಚ್ಚಿಕೊಂಡು ಸಹಿ ಮಾಡಿದರು. ಆ ದಿನ ಎರಡು ಪ್ಲೇಟ್ ಮಿರ್ಚಿ ಭಜಿ ತರಿಸಿ ಇಡೀ ವಿಭಾಗಕ್ಕೆ ತಿನ್ನಿಸಿದೆ.

ಇದಾಗಿ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ಶಶಿಕಲಾ ಮೇಡಂ ನನ್ನ ಕೋಣೆಗೆ ಬಂದು, ‘ಸರ್, ಜರಾ ಬರ್ತೀರೇನು?’ ಅಂದರು. ಅವರ ಕಂಪ್ಯೂಟರಿನ ಮುಂದೆ ಕೂರಿಸಿ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದರು.

‘ಹಾಜರ್ ಸರ್.’ ಬ್ಯಾ.

‘ಇದು ಸೋಮವಾರದ್ದು’ ಅಂದರು.

‘ಹಾಜರ್ ಸರ್.’ ಬ್ಯಾ.

‘ಇದು ಮಂಗಳವಾರದ್ದು.’

ಹೀಗೆ ಒಂದಾದ ಮೇಲೊಂದು, ಎರಡು ವಾರದ್ದು ಕೇಳಿಸಿದರು. ಅದೇ ದನಿ, ಅದೇ ಏರಿಳಿತ, ‘ಸರ್’ ಆದ ಮೇಲೆ ಅಷ್ಟೇ ತೆರಪು, ಅದೇ ಮರಿ, ಅದೇ ಒಂದು ಕೂಗು. ‘ಅದಕ್ಕಿಂತ ಮೊದಲು ಆಕಿ ದಿನಾ ಬ್ಯಾರೆ ಬ್ಯಾರೆ ಅಂತಿದ್ಲು ಸರ್. ಒಮ್ಮೆ ಎಸ್ ಸರ್, ಒಮ್ಮೆ ಅದೀನ್ರಿ ಸರ್. ಎರಡು ದಿನ ಗೈರಾದಳಲ್ಲ, ಅದರ ನಂತರದ್ದೆಲ್ಲ ಇದೊಂದೇ. ಇನ್ನೊಂದು ಕೇಳ್ರಿ. ಆಕಿ ಆದಮ್ಯಾಲೆ ಹದಿನೆಂಟನೇ ಹುಡುಗ ಇದಾನಲ್ಲ, ಮಹೆಬೂಬ್, ಮೊದಲು ಪಟ್ನೆ ಓ ಅಂತಿದ್ದ. ಈಗ ನೀವು ಎರಡೆರಡು ಸಲ ಕರೀಬೇಕು.’

ನನಗೆ ಹೊಳೆದದ್ದು ಮೇಷ್ಟ್ರಿಗೆ ಹೊಳೆಯುವಂಥದ್ದೇ. ‘ಕಳ್ಳಿ!’ ಅಂದೆ. ‘ಒಂದ್ಸಲ ರೆಕಾರ್ಡ್ ಮಾಡಿಟ್ಟು ಯಾರ ಕೈಲೋ ದಿನಾ ಹಚ್ಚಿಸಿ ಆರಾಮ ಮಲಗ್ಯಾಳ. ನಾಳೆ ಹಿಡೀತೀನಿ ನೋಡ್ರಿ.’ ಮೇಡಂ ಏನೋ ಹೇಳಲು ಹೋದರು. ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ಹಾಜರಿಗೇ ಮೋಸ ಮಾಡುವುದೆಂದರೇನು!

ಮರುದಿನ ಹೆಸರು ಕರೆಯುತ್ತ ಹದಿನೇಳಕ್ಕೆ ಬಂದೆ.

‘ಬಸಲಿಂಗಮ್ಮ.’

‘ಹಾಜರ್ ಸರ್.’ ಬ್ಯಾ.

‘ಇನ್ನೊಂದ್ಸಲ ಹೇಳವ್ವ, ಕೇಳಿಸ್ಲಿಲ್ಲ.’

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ‘ಹಾಜರ್ ಸರ್.’ ಬ್ಯಾ.

‘ನಿನ್ನೆ ಯಾವ ಪಾಠ ಆತು, ಹೇಳು.’

‘ಹಾಜರ್ ಸರ್.’ ಬ್ಯಾ.

ಕೌದಿ ತೂಗುಹಾಕಿದ ಆ ಕೋಣೆಯಲ್ಲಿ ನಾನೊಬ್ಬನೇ. ಪರದೆಯ ಮೇಲೆ ನಲವತ್ತೊಂದು ಕಪ್ಪು ಚೌಕ. ಒಬ್ಬರೂ ಉಸಿರು ಬಿಡುತ್ತಿಲ್ಲ. ಆಗ ಭಯವಾಗಿತ್ತು, ಸುಳ್ಳು ಯಾಕೆ ಹೇಳಲಿ. ಭಯವಾದಾಗ ನನಗೆ ಸಿಟ್ಟು ಬರುತ್ತದೆ. ‘ನಾಚಿಕಿ ಬರಂಗಿಲ್ಲೇನು ನಿನಗ? ಯಾರಿಗೆ ಆಟ ಆಡಸ್ತೀ? ಬಾಯಿಲೇ ಮಾತಾಡಾಕ ಏನಾಗ್ಯದ, ಸತ್ತೀಯೇನು ಅಲ್ಲಿ?’ ಅಂತ ಕೂಗಿದೆ.

ಯಾರೋ ಹುಡುಗಿ ಮೈಕ್ ತೆರೆದಿದ್ದಾಳೆಂಬ ಪರಿವೆ ಇಲ್ಲದೆ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಹದಿನೇಳನೇ ಚೌಕ ಪರದೆಯಿಂದ ಮಾಯವಾಯಿತು. ಸಿಕ್ಕಿಬಿದ್ದಳು, ಓಡಿಹೋದಳು ಎಂದುಕೊಂಡು ಮುಂದಿನ ಹೆಸರು ಕರೆದೆ. ಮಹೆಬೂಬ್ ಉತ್ತರ ಕೊಡಲಿಲ್ಲ. ಆ ದಿನದ ಪಾಠ ಹೇಗೆ ಮುಗಿಸಿದೆನೋ ನೆನಪಿಲ್ಲ.

ಮರುದಿನ ಹದಿನೇಳು ಗೈರು. ಅದರ ಮರುದಿನವೂ ಗೈರು. ಆ ಎರಡನೇ ದಿನ ಕ್ಲಾಸು ಮುಗಿಸಿ ನಾವಿಬ್ಬರೂ ಮಾನ್ವಿಗೆ ಹೋಗುವುದಿತ್ತು. ಎಲ್ಲರೂ ಅಷ್ಟು ಬೇಗ ಯಾಕೆ ಬರುತ್ತಾರೆ ಎಂದು ಹುಡುಗರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕೆಂದು ಮೊದಲೇ ಗೊತ್ತುಮಾಡಿದ್ದು. ಮಹೆಬೂಬ್ ತನ್ನ ಅಣ್ಣನ ಹೊಲಿಗೆ ಅಂಗಡಿಯಲ್ಲಿ ನಮ್ಮನ್ನು ಕೂರಿಸಿದ. ಚಹಾ ತರಿಸಿದ. ಇಪ್ಪತ್ತೈದರ ಆಸುಪಾಸಿನ ಗಟ್ಟಿ ಆಳು, ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ.

‘ನೀ ದಿನಾ ಎಂಟಕ್ಕಿಂತ ಮೊದಲೇ ಬರ್ತಿಯಲ್ಲಪ್ಪ, ಯಾಕ?’ ಅಂತ ಕೇಳಿದೆ, ಪೆನ್ನು ಹಿಡಿದು.

‘ಎಲ್ಲಾರೂ ಬರ್ತಾರ್ರಿ ಸರ್.’

‘ಅದೇ ಯಾಕ ಅಂತ.’

ಅವನು ಶಶಿಕಲಾ ಮೇಡಂ ಕಡೆ ನೋಡಿದ. ‘ಮೇಡಂ, ಸರ್‌ಗೆ ಗೊತ್ತಿಲ್ಲೇನ್ರಿ?’

‘ಏನು ಗೊತ್ತಿಲ್ಲ?’ ಅಂದೆ ನಾನು.

‘ಬಸಲಿಂಗಮ್ಮ ತೀರಿಕೊಂಡಾಳಲ್ರಿ ಸರ್. ಜ್ವರ ಬಂದು, ನಾಲ್ಕೇ ದಿನಕ್ಕ, ಐತಾರ. ಜ್ವರದಾಗೂ ನಿಮಗ ಓ ಅನ್ನೋದು ಬಿಟ್ಟಿರಲಿಲ್ಲರಿ. ನಮ್ಮ ಹುಡುಗರ ಗ್ರೂಪಿನ್ಯಾಗ ಆಕಿ ಫೋಟೋ ಬಂದಿತ್ತರಿ, ಹೂವಿನ ಹಾರ ಹಾಕಿ. ಮರುದಿನ ನೀವು ಆಕಿ ಹೆಸರು ಕರದ್ರಿ. ನಮಗ ಹೇಳಾಕ ಬಾಯೇ ಬರಲಿಲ್ಲರಿ. ಅದರ ಮರುದಿನಾನೂ ಕರದ್ರಿ. ಮೂರನೇ ದಿನ ಕರದಾಗ...’ ಅವನು ಚಹಾದ ಲೋಟ ಕೆಳಗಿಟ್ಟ. ‘ಮೂರನೇ ದಿನ ಆಕಿ ಓ ಅಂದ್ಲರಿ.’

ಅಂಗಡಿಯ ಮಷಿನ್ನು ನಿಂತಿತ್ತು. ಅವನ ಅಣ್ಣ ಕೈಯಲ್ಲಿ ಬಟ್ಟೆ ಹಿಡಿದುಕೊಂಡು ನಮ್ಮ ಕಡೆಗೇ ನೋಡುತ್ತಿದ್ದ.

‘ನೀವು ಹಿರಿಯರು ಅದೀರಿ, ತಿಳಿದೇ ಕರಿತೀರಿ ಅನ್ಕೊಂಡ್ವಿ ಸರ್. ನೀವು ಕರೀತಿದ್ರಿ, ಆಕಿ ಬರ್ತಿದ್ಲು. ಒಬ್ಬರು ಆಕಿನೇ ಅಂದ್ರು, ಒಬ್ಬರು ಅಲ್ಲ ಅಂದ್ರು. ಕೇಳಲಿಕ್ಕಂತನೇ ಎಲ್ಲಾರೂ ಎಂಟಕ್ಕ ಮೊದಲು ಬರ್ತಿದ್ವಿ. ಕೆಲವರು ಫೋನಿನ ಮುಂದ ಊದಿನಕಡ್ಡಿ ಹಚ್ಚತಿದ್ರು. ನಂದೇನ್ರಿ ಪಾಪ, ಆಕಿ ಆದಮ್ಯಾಲೆ ನನ್ನ ಹೆಸರು. ಆಕಿ ದನಿ ಮುಗದು ನನ್ನ ಹೆಸರು ಬರೋದ್ರಾಗ ನನ್ನ ಕೈಕಾಲು ತಣ್ಣಗಾಗಿರ್ತಿದ್ವು. ಮೊನ್ನೆ ನೀವು ಸತ್ತೀಯೇನು ಅಂತ ಕೇಳಿದ್ರಲ್ರಿ...’

ನಾನು ಪೆನ್ನು ಮುಚ್ಚಿ ಕಿಸೆಗಿಟ್ಟೆ. ಯಾವ ಅಂಕಿಗಳನ್ನು ನಿರ್ದೇಶಕರ ಮೇಜಿಗೆ ಬಡಿದಿದ್ದೆನೋ, ಯಾವುದಕ್ಕೆ ಮಿರ್ಚಿ ಹಂಚಿದ್ದೆನೋ, ಅದರ ಒಳಗುಟ್ಟು ಇದು. ನಲವತ್ತು ಮಂದಿ ನನ್ನ ಪಾಠಕ್ಕೆ ಬರುತ್ತಿರಲಿಲ್ಲ. ನಾನು ಸತ್ತವಳನ್ನು ಕರೆಯುವುದನ್ನೂ ಅವಳು ಓಗೊಡುವುದನ್ನೂ ಕೇಳಲು ಬರುತ್ತಿದ್ದರು.

‘ಗೂಗಲ್ ಕಡೆ ಹೋಗೋಣ ನಡೀರಿ ಸರ್, ಇವತ್ತೇ’ ಅಂದರು ಮೇಡಂ. ಜೀಪು ಮಾಡಿಕೊಂಡು ದೇವದುರ್ಗಕ್ಕೆ ಬಂದು, ಅಲ್ಲಿಂದ ಗೂಗಲ್ ದಾಟಿ, ಕೃಷ್ಣೆಯ ದಂಡೆಗೆ ಹೊಂದಿದ ಒಂದು ದೊಡ್ಡಿಗೆ ಮುಟ್ಟಿದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಹತ್ತಿಪ್ಪತ್ತು ಮನೆಗಳ ಊರು. ಹೆಸರು ಹೇಳಿ ಕೇಳಿದರೆ ಯಾರೂ ಬಾಯಿ ಬಿಡಲೊಲ್ಲರು, ಬೆರಳು ಮಾತ್ರ ತೋರಿಸಿದರು. ಹಟ್ಟಿಯ ಬಾಗಿಲಲ್ಲಿ ಬಸಲಿಂಗಮ್ಮನ ತಾಯಿ ನಾಗಮ್ಮ ಕೂತಿದ್ದಳು. ನಾನು ‘ನಮಸ್ಕಾರ್ರೀ ಯವ್ವಾ’ ಅಂದದ್ದೇ ತಡ, ಆಕೆ ಎದ್ದು ನಿಂತು ಸೆರಗು ಎಳೆದುಕೊಂಡಳು. ನಾನು ಯಾರೆಂದು ಹೇಳುವ ಕೆಲಸವೇ ಬೀಳಲಿಲ್ಲ.

‘ಹಾಜರಿ ಸರ್ ಬಂದಾರ’ ಅಂದಳು ಒಳಗಿನವರಿಗೆ.

ನಾವು ಗೋಡೆಗೆ ಒರಗಿ ಕೂತೆವು. ಆಕೆ ನೀರು ತಂದುಕೊಟ್ಟಳು. ನಾನು ಏನು ಹೇಳಬೇಕೆಂದು ತಡಕಾಡುತ್ತಿದ್ದರೆ ಆಕೆಯೇ ಶುರು ಮಾಡಿದಳು. ದನಿಯಲ್ಲಿ ತಕರಾರು ಇರಲಿಲ್ಲ.

‘ಮಣ್ಣು ಮಾಡಿ ಬಂದ ಮರುದಿನ ಮನಿ ತುಂಬ ಮಂದಿ ಇದ್ರರಿ. ಆಕಿ ಫೋನು ಗೂಡಿನ್ಯಾಗ ಇತ್ತು. ಎಂಟಕ್ಕ ಅದು ಒದರಿತು. ಸಣ್ಣ ಮಗಳು ಬಂದ್ ಮಾಡಾಕ ಹೋಗಿ ಏನು ಒತ್ತಿದಳೋ, ನಿಮ್ಮ ದನಿ ಬಂತು. ಹೆಸರು ಕರಕೋತ ಬಂದ್ರಿ. ಎಲ್ಲಾರೂ ಸುಮ್ಮಕಾದ್ರು. ಆಮ್ಯಾಲೆ ಆಕಿ ಹೆಸರು ಕರದ್ರಿ. ಎರಡು ಸಲ ಕರದ್ರಿ. ಎಲ್ಲಿ ಹೋದೆವ್ವ ಅಂತ ಕೇಳಿದ್ರಿ. ಹೆಣ್ಮಕ್ಕಳು ಚೀರಿಕೊಂಡು ಹೊರಗ ಓಡಿದ್ರರಿ.’

ಅಷ್ಟು ದಿನ ಆ ಕಡೆ ಯಾರೋ ಇದ್ದಾರೆಂದು ನಾನು ಹೆದರುತ್ತಿದ್ದೆನಲ್ಲ, ಸೂತಕದ ಮನೆಗೆ ಹೋಗಿ ಸತ್ತವಳ ಹೆಸರು ಹಿಡಿದು ಕೂಗಿದ್ದು ನಾನು.

‘ನಮ್ಮ ಮನ್ಯಾಗ ಈಗ ಆಕಿ ಹೆಸರು ಯಾರೂ ತಗೊಳ್ಳಂಗಿಲ್ರಿ. ಅವರಪ್ಪ ತಗೊಳ್ಳಂಗಿಲ್ಲ, ಓಣ್ಯಾಗಿನವರು ತಗೊಳ್ಳಂಗಿಲ್ಲ. ನಾ ಅಳ್ತೀನಂತ. ಜಗತ್ತಿನ್ಯಾಗ ಆಕಿನ್ನ ಹೆಸರು ಹಿಡಿದು ಕರಿಯೋರು ನೀವೊಬ್ರೇ ಉಳಿದ್ರಿ. ಮೂರು ದಿನ ಓ ಅನ್ನಲಿಲ್ಲಂದ್ರ ಹೆಸರು ತಗೀತೀನಿ ಅಂದಿದ್ರಿ, ಆಕಿ ನನಗ ಹೇಳಿದ್ಲು. ಆಮ್ಯಾಲೆ ಕರಿಯೋರು ಯಾರ್ರಿ? ಆಕಿ ಫೋನಿನ್ಯಾಗ ಹಳೇ ಪಾಠ ಇಟ್ಟಿದ್ಲು, ಅದರಾಗ ಆಕಿ ಓ ಅಂದಿದ್ದು ಇತ್ತು. ಸಣ್ಣ ಮಗಳು ಅದೊಂದು ತುಂಡು ಕತ್ತರಿಸಿ ನನ್ನ ಫೋನಿಗೆ ಹಾಕಿಕೊಟ್ಲು. ನನಗ ಓದಾಕ ಬರಂಗಿಲ್ರಿ. ಅಂಬವ್ವ, ಅಮರೇಶ, ಈರಣ್ಣ...’ ಹೀಗೆ ಆಕೆ ನನ್ನ ಹಾಜರಿಪಟ್ಟಿಯನ್ನು ಬಾಯಿಪಾಠವಾಗಿ, ನನ್ನದೇ ಧಾಟಿಯಲ್ಲಿ, ಒಂದೂ ತಪ್ಪದಂತೆ ಹೇಳುತ್ತ ಹೋದಳು. ‘...ಫಕೀರಪ್ಪ ಓ ಅಂದ ಕೂಡ್ಲೆ ಆಕಿ ಫೋನಿನ ಮುಂದ ನನ್ನ ಫೋನು ಹಿಡಿದು ಬೆರಳು ಇಟ್ಟುಕೊಂಡು ಕುಂದರ್ತಿದ್ದೆ. ನೀವು ಕರದ್ರ ಒತ್ತತಿದ್ದೆ. ಹಿಂಗ.’

ಒತ್ತಿದಳು. ‘ಹಾಜರ್ ಸರ್.’ ಬ್ಯಾ. ಹಟ್ಟಿಯಲ್ಲಿ ಮಲಗಿದ್ದ ಕುರಿಯೊಂದು ಥಟ್ಟನೆ ತಲೆಯೆತ್ತಿ ಫೋನಿನ ಕಡೆ ನೋಡಿತು. ‘ಅದೇ ಮರಿ ನೋಡ್ರಿ, ಈಗ ದೊಡ್ಡದಾಗ್ಯದ’ ಅಂದಳು ನಾಗಮ್ಮ. ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು.

‘ಮೊನ್ನೆ ಬೈದ್ರಲ್ರಿ’ ಅಂದಳು ಆಕೆ, ನೆಲ ನೋಡುತ್ತ. ‘ಸತ್ತೀಯೇನು ಅಂತ ಕೇಳಿದ್ರಿ. ಅದಕ್ಕ ನಾ ಏನು ಒತ್ಲಿ? ಅದಕ್ಕೇ ಹಚ್ಚೋದು ಬಿಟ್ಟೆ.’

ನನಗೆ ಅಳು ತಡೆಯಲಾಗಲಿಲ್ಲ. ಅರವತ್ತರ ಹತ್ತಿರ ಬಂದ ಮನುಷ್ಯ, ಆಕೆಯ ಮುಂದೆ ಮಗುವಿನ ಹಾಗೆ ಅತ್ತುಬಿಟ್ಟೆ. ‘ತಪ್ಪಾತು ಯವ್ವಾ, ನನಗ ಗೊತ್ತಿರಲಿಲ್ಲ, ತಪ್ಪಾತು’ ಅಂದೆ.

‘ಅದು ಹೋಗ್ಲಿ ಬಿಡ್ರಿ. ನಾಳಿಗಿ ಮೂರು ದಿನ ಆಗ್ತದಲ್ರಿ, ಹೆಸರು ತಗೀತೀರೇನು?’

‘ತಗಿಯಂಗಿಲ್ಲವ್ವ’ ಅಂದೆ. ‘ಕ್ಲಾಸು ಮುಗಿಯೋ ತನಕ ಕರೀತೀನಿ.’

ರಾಯಚೂರಿಗೆ ಬಂದು ನಿರ್ದೇಶಕರ ಮುಂದೆ ಎಲ್ಲ ಹೇಳಿದೆ. ಅವರೂ ಒಂದು ಗಳಿಗೆ ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ, ‘ಆದ್ರೂ ತೀರಿಕೊಂಡೋರ ಹೆಸರು ಪಟ್ಟಿಯೊಳಗ ಇಡಾಕ ಬರಂಗಿಲ್ಲ. ಇವತ್ತೇ ತಗಸ್ರಿ. ಪ್ರಬಂಧದಾಗ ಆಕಿನ್ನ ಒಬ್ಬಾಕಿನ್ನ ಬಿಟ್ಟು ಅಂಕಿ ಹಾಕ್ರಿ’ ಅಂದರು.

ಯಾವತ್ತೂ ಮಾತಾಡದ ಶಶಿಕಲಾ ಮೇಡಂ ಅಂದು ಮಾತಾಡಿದರು. ‘ಉಳಿದ ನಲವತ್ತು ಮಂದಿ ಬಂದದ್ದೂ ಆಕಿ ಸಲುವಾಗಿನೇ ಸರ್. ಬಿಡೋದಾದ್ರ ಎಲ್ಲಾರನ್ನೂ ಬಿಡಬೇಕಾಗ್ತದ.’ ಪ್ರಬಂಧದ ಮಾತು ಅಲ್ಲಿಗೆ ಮುಗಿಯಿತು. ಹೆಸರಿನ ಮಾತು ಮುಗಿಯಲಿಲ್ಲ. ನಾನು ತೆಗೆಯುವುದಿಲ್ಲ ಅಂದೆ, ಅವರು ವಿವರಣೆ ಕೇಳಿ ಪತ್ರ ಕೊಟ್ಟರು, ನಾನು ಉತ್ತರ ಬರೆಯದೆ ಮೇಜಿನೊಳಗೆ ಹಾಕಿದೆ. ವಾರ ಬಿಟ್ಟು ಮತ್ತೊಂದು ಪತ್ರ ಬಂತು. ಅದನ್ನೂ ಒಳಗೆ ಹಾಕಿದೆ.

ಗೂಗಲ್ ಕಡೆ ಹೋಗಿ ಬಂದ ಮರುದಿನವೇ, ಆ ಮೂರನೇ ದಿನದ ಮುಂಜಾನೆ, ಹೆಸರು ಕರೆಯುತ್ತ ಹದಿನೇಳಕ್ಕೆ ಬಂದೆ. ‘ಬಸಲಿಂಗಮ್ಮ’ ಅಂದೆ.

‘ಹಾಜರ್ ಸರ್.’ ಬ್ಯಾ.

ಗೊತ್ತಿದ್ದೂ ಕೈಯ ಮೇಲಿನ ಕೂದಲು ನಿಮಿರಿ ನಿಂತವು. ಗೊತ್ತಾದ ಮೇಲೆ ಭಯ ಹೋಗುತ್ತದೆ ಅನ್ನುತ್ತಾರೆ; ನನ್ನದು ಹೋಗಲಿಲ್ಲ. ದಿನಾ ಹಾಜರಿ ಪುಸ್ತಕದಲ್ಲಿ ಆ ಸಾಲಿನ ಮನೆಯನ್ನು ಖಾಲಿ ಬಿಡುತ್ತಿದ್ದೆ, ಹಾಜರಿಯೂ ಅಲ್ಲ, ಗೈರೂ ಅಲ್ಲ. ಹುಡುಗರಿಗೆ ಒಂದು ದಿನ ಎಲ್ಲವನ್ನೂ ಬಿಡಿಸಿ ಹೇಳಿದೆ. ಇನ್ನು ತಡವಾಗಿ ಬರುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ತಡ ಮಾಡಲಿಲ್ಲ. ಅಷ್ಟು ಮಂದಿ ಕಪ್ಪು ಚೌಕಗಳ ಹಿಂದೆ ಕೂತು, ಹೆಸರು ಹದಿನಾರಕ್ಕೆ ಬರುತ್ತಲೇ ಉಸಿರು ಬಿಗಿಹಿಡಿಯುತ್ತಿದ್ದರು. ನಾನೂ ಹಿಡಿಯುತ್ತಿದ್ದೆ. ಎಲ್ಲೋ ನದಿ ದಂಡೆಯ ಒಂದು ಮನೆಯಲ್ಲಿ ಒಬ್ಬ ತಾಯಿ ಬೆರಳು ಇಟ್ಟುಕೊಂಡು ಕೂತಿದ್ದಾಳೆ ಎಂಬುದು ಈಗ ಎಲ್ಲರಿಗೂ ಗೊತ್ತಿತ್ತು.

ಕ್ಲಾಸು ಮುಗಿಯಲು ಇನ್ನು ನಾಲ್ಕು ದಿನ ಇತ್ತು. ಅಂದೂ ಎಂದಿನಂತೆ ಕೂಗುತ್ತ ಬಂದೆ. ಹದಿನಾರು ಫಕೀರಪ್ಪ ಓ ಅಂದ.

‘ಬಸಲಿಂಗಮ್ಮ.’

ಉತ್ತರವಿಲ್ಲ. ಚೌಕ ಪರದೆಯ ಮೇಲೇ ಇತ್ತು. ಮೈಕ್ ತೆರೆದಿತ್ತು. ದೂರದಲ್ಲಿ ಕುರಿಗಳ ಗದ್ದಲ, ಯಾರೋ ನೀರು ಸುರಿಯುವ ಸದ್ದು. ಎರಡನೇ ಸಲ ಕರೆಯಲು ನನಗೆ ಧೈರ್ಯ ಬರಲಿಲ್ಲ. ಕಾದೆ. ಆ ಕಡೆ ಒಂದು ಉಸಿರು ಕೇಳಿಸಿತು, ಎಳೆದುಕೊಂಡ ಉದ್ದ ಉಸಿರು. ಈ ಸಲ ಅದು ನಿಲ್ಲಲಿಲ್ಲ.

‘ಸರ್’ ಅಂತ ಬಂತು. ನಾಗಮ್ಮನ ದನಿ. ‘ಬಸಲಿಂಗಮ್ಮ ಇಲ್ರಿ. ತೀರಿಕೊಂಡಾಳ್ರಿ. ನೀವು ಮುಂದಿನ ಹೆಸರು ಕರೀರಿ.’

ಪೆನ್ನು ತೆಗೆದುಕೊಂಡು ಆ ಸಾಲಿನಲ್ಲಿ ಗೈರು ಬರೆದೆ. ಕಣ್ಣು ಮಂಜಾಗಿ ಮುಂದಿನ ಹೆಸರು ಕಾಣಲಿಲ್ಲ. ಬಾಯಿಪಾಠವಿತ್ತು, ಕರೆದೆ.

‘ಅದೀನ್ರಿ ಸರ್’ ಅಂದ ಮಹೆಬೂಬ್, ಕರೆದ ಕೂಡಲೇ.